ಹತ್ತಡಿಯ ಓದುಕೋಣೆ: ಮೊದಲು ಮಳೆಯ ಲೆಕ್ಕ ನೋಡಿ

ನಮ್ಮೂರಿನ ಮೊದಲ ಓದುಕೋಣೆ ಹಾಳಾದದ್ದು ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್). ಜೂನ್ 19ಕ್ಕೆ ಗಡಿಬಿಡಿಯಲ್ಲಿ ಉದ್ಘಾಟನೆ ಮಾಡಿದ್ದೆವು. ಅದು ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನ, ಕೇರಳಕ್ಕೆ ವಾಚನಾ ದಿನ. 1945ರಲ್ಲಿ 47 ಗ್ರಂಥಾಲಯಗಳನ್ನು ಒಟ್ಟು ಸೇರಿಸಿ ಹೊರಟವರ ನೆನಪು ಒಳ್ಳೆಯದೇ. ಆದರೆ ಕಾಸರಗೋಡಿನಲ್ಲಿ ಆ ಹೊತ್ತಿಗೆ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿರುತ್ತದೆ. ಹೊಸ ಗೋಡೆ ಒಣಗಿರಲಿಲ್ಲ. ಕಬ್ಬಿಣದ ಕಪಾಟನ್ನು ಪಡುಗೋಡೆಗೆ ಒತ್ತಿ ಇಟ್ಟಿದ್ದೆವು. ಒಂದು ದಿನ ಬಾಗಿಲು ತೆಗೆದರೆ ನಲ್ವತ್ತು ಪುಸ್ತಕಗಳ ಮೇಲೆ ಬೂದಿಬಣ್ಣದ ಬೂಷ್ಟು. ತಪ್ಪು ನಮ್ಮದೇ.

ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಊರಲ್ಲಿ ಓದುಕೋಣೆ ಕಟ್ಟಲು ಹೊರಟವರಿಗೆ ಕೆಳಗೆ ಪುಸ್ತಕಕ್ಕಿಂತ ಮಾಡು (ಛಾವಣಿ), ಗೋಡೆ, ಬೀಗದ ಮಾತೇ ಜಾಸ್ತಿ.

ಜಾಗ ಹುಡುಕುವುದು

ಊರಿನ ಚಂದದ ಜಾಗ ಬೇಡ. ಜನ ಈಗಾಗಲೇ ಕಾಯುವ ಜಾಗ ನೋಡಿ. ಹಾಲಿನ ಸೊಸೈಟಿಯ ಪಕ್ಕ, ಬಸ್ ನಿಲ್ಲುವ ಕಟ್ಟೆ, ರೇಷನ್ ಅಂಗಡಿಯ ಎದುರು, ಭಜನಾ ಮಂದಿರದ ಬದಿ. ಗುಡ್ಡದ ಮೇಲೆ ಯಾರೋ ಪುಣ್ಯಾತ್ಮರು ಐದು ಸೆಂಟ್ಸ್ ಕೊಡುತ್ತೇನೆ ಅಂದರೆ ಕೈ ಮುಗಿದು ಬೇಡ ಅನ್ನಿ. ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿ ಪೇಪರ್ ಓದುವವರು ಯಾರೂ ಇಲ್ಲ.

ಖಾಲಿ ಬಿದ್ದ ಹಳೆಯ ಅಂಗಡಿ ಕೋಣೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಬಾಡಿಗೆಯದ್ದಾಗಲಿ ದಾನದ್ದಾಗಲಿ, ಕರಾರು ಕಾಗದದಲ್ಲಿರಲಿ. ಬಾಯಿಮಾತಿನಲ್ಲಿ ಕೊಟ್ಟ ಜಾಗ ಮಗನ ಕಾಲಕ್ಕೆ ವಾಪಸ್ ಹೋಗುತ್ತದೆ.

ಗೋಡೆ ಮತ್ತು ಮಾಡು

10 ಅಡಿ ಅಗಲ, 12 ಅಡಿ ಉದ್ದದ ಕೋಣೆ ಸಾಕು. ಒಳಗೆ ನಾಲ್ಕೈದು ಜನ ಆರಾಮವಾಗಿ ಕೂರಬಹುದು. ಉಳಿದವರಿಗೆ ಐದಡಿ ಅಗಲದ ಜಗಲಿ. ನಿಜ ಹೇಳಬೇಕೆಂದರೆ ಕೋಣೆಗಿಂತ ಜಗಲಿಯೇ ಮುಖ್ಯ. ಚಪ್ಪಲಿ ಕಳಚಿ ಒಳಗೆ ಬರಲು ನಾಚುವ ಹಿರಿಯರು ಜಗಲಿಯಲ್ಲಿ ಸಲೀಸಾಗಿ ಕೂತುಬಿಡುತ್ತಾರೆ.

ಗೋಡೆಗೆ ಮುರಕಲ್ಲು (ಜಂಬಿಟ್ಟಿಗೆ) ನಮ್ಮ ಕಾಲಬುಡದಲ್ಲೇ ಸಿಗುತ್ತದೆ. ಆದರೆ ಅದು ನೀರು ಕುಡಿಯುವ ಕಲ್ಲು. ಆದ್ದರಿಂದ ಎರಡು ಕೆಲಸ ತಪ್ಪಿಸಬೇಡಿ. ನೆಲವನ್ನು ಅಂಗಳದಿಂದ ಕನಿಷ್ಠ ಒಂದೂವರೆ ಅಡಿ ಎತ್ತರಿಸಿ. ಗಾಳಿಮಳೆ ಹೊಡೆಯುವ ಪಡುವಣ ಮತ್ತು ತೆಂಕಣ ಬದಿಗೆ ಮಾಡನ್ನು ಮೂರು ಅಡಿ ಹೊರಕ್ಕೆ ಇಳಿಸಿ. ಕಿಟಕಿ ಬಡಗು ಮತ್ತು ಮೂಡು ಬದಿಗೆ, ಗಾಳಿ ಆಡುವಂತೆ ಇರಲಿ.

ಮಾಡಿಗೆ ಮಂಗಳೂರು ಹೆಂಚು. ನಡುವೆ ಮೂರ್ನಾಲ್ಕು ಗಾಜಿನ ಹೆಂಚು ಹಾಕಿದರೆ ಜುಲೈಯ ಕತ್ತಲ ಮಧ್ಯಾಹ್ನದಲ್ಲೂ ಅಕ್ಷರ ಕಾಣುತ್ತದೆ. ಗಾಜಿನ ನೇರ ಕೆಳಗೆ ಕಪಾಟು ಮಾತ್ರ ಬೇಡ, ಬಿಸಿಲಿಗೆ ಪುಟ ಹಳದಿಯಾಗುತ್ತದೆ. ತಗಡಿನ ಶೀಟು ಅಗ್ಗ, ಸರಿ. ಆದರೆ ಮಳೆ ಬಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ, ಮಕ್ಕಳಿಗೆ ಕತೆ ಹೇಳುವುದು ಹೇಗೆ?

ಗೋಡೆ ಕೆಲಸ ಜನವರಿಯೊಳಗೆ ಮುಗಿಸಿ. ಒಂದು ಬೇಸಿಗೆ ಪೂರ್ತಿ ಒಣಗಲಿ.

ಕಪಾಟು

ಆರಂಭಕ್ಕೆ 200 ಪುಸ್ತಕ ಸಾಕು. ಒಂದು ಮೀಟರ್ ಹಲಗೆಯಲ್ಲಿ ಸುಮಾರು 30–35 ಪುಸ್ತಕ ಹಿಡಿಯುತ್ತವೆ. ಮೂರಡಿ ಉದ್ದದ ನಾಲ್ಕು ಹಲಗೆಗಳ ಎರಡು ಕಪಾಟು ಮಾಡಿಸಿದರೆ ಏಳು ಮೀಟರಿಗೂ ಸ್ವಲ್ಪ ಜಾಸ್ತಿ ಸಿಗುತ್ತದೆ. ಮೂರಡಿಗಿಂತ ಉದ್ದದ ಹಲಗೆ ಬೇಡ, ಪುಸ್ತಕದ ಭಾರಕ್ಕೆ ನಡು ಬಗ್ಗುತ್ತದೆ. ಆಳ 10 ಇಂಚು. ಹಲಸಿನ ಹಳೆಯ ಹಲಗೆ ಸಿಕ್ಕಿದರೆ ಬಿಡಬೇಡಿ. ಬೆಂಚಿಗೆ ಅಡಿಕೆ ಮರದ ಸಲಾಕೆ ಸಾಕು. ದೊಡ್ಡವರಿಗೆ 18 ಇಂಚು ಎತ್ತರ, ಮಕ್ಕಳಿಗೆ 12.

ಕಪಾಟು ಗೋಡೆಯಿಂದ ನಾಲ್ಕು ಇಂಚು ದೂರ, ಕೆಳಗಿನ ಹಲಗೆ ನೆಲದಿಂದ ಆರು ಇಂಚು ಮೇಲೆ. ಹಿಂಬದಿಗೆ ಪ್ಲೈವುಡ್ ಹೊಡೆಯದೆ ತೆರೆದೇ ಬಿಡಿ. ಗಾಜಿನ ಬಾಗಿಲು ನೋಡಲು ಚಂದ, ಒಳಗೆ ಬೂಷ್ಟಿಗೆ ಬೆಚ್ಚಗಿನ ಮನೆ. ಗಾಳಿಯ ತೇವ ಶೇ. 65 ದಾಟಿದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ, ನಮ್ಮ ಮಳೆಗಾಲದಲ್ಲಿ ಅದು 85ರ ಮೇಲೆಯೇ ಇರುತ್ತದೆ. ಗಾಳಿ ಆಡಿಸುವುದೊಂದೇ ದಾರಿ. ಗೆದ್ದಲಿಗೆ ಕಪಾಟಿನ ಕಾಲುಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಿರಿ. ಕೈಗೆ ಗ್ಲೌಸ್ ಬೇಕೇ ಬೇಕು, ಚರ್ಮ ಸುಡುತ್ತದೆ.

ಇಷ್ಟಾದರೂ ಪುಸ್ತಕ ನೆನೆದರೆ? ಬಿಸಿಲಿಗೆ ಹಾಕಬೇಡಿ. ಒಂದೋ ಎರಡೋ ಆದರೆ ಪುಟಗಳ ನಡುವೆ ಪೇಪರ್ ಇಟ್ಟು ಫ್ಯಾನ್ ಕೆಳಗೆ ಒಣಗಿಸಿ. ರಾಶಿ ನೆನೆದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪಕ್ಕದ ಮನೆಯ ಫ್ರೀಜರಿನಲ್ಲಿಡಿ. ಬೂಷ್ಟು ಅಲ್ಲೇ ನಿಲ್ಲುತ್ತದೆ, ಆಮೇಲೆ ಒಂದೊಂದೇ ತೆಗೆದು ಒಣಗಿಸಬಹುದು. ಮೀನಿನ ಡಬ್ಬಿಯ ಪಕ್ಕ ಪುಸ್ತಕ ಕಂಡು ಮನೆಯವರು ನಕ್ಕರೆ ನಗಲಿ.

ಕರೆಂಟು

9 ವಾಟಿನ ಎರಡು ಎಲ್‌ಇಡಿ, 30 ವಾಟಿನ ಒಂದು ಬಿಎಲ್‌ಡಿಸಿ (ಕಡಿಮೆ ಕರೆಂಟು ಎಳೆಯುವ) ಫ್ಯಾನ್. ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ತಿಂಗಳಿಗೆ ಆರು ಯೂನಿಟ್ ಆಸುಪಾಸು. ಇದಕ್ಕೆ ದೊಡ್ಡ ಸೋಲಾರ್ ಯಾಕೆ? ಕರೆಂಟು ಹೋದಾಗ ಬೆಳಕಿಗೆ ಒಂದು ಚಾರ್ಜಿಂಗ್ ದೀಪ ಇಟ್ಟುಕೊಳ್ಳಿ.

ಏನು ಇಡಬೇಕು

ಇಲ್ಲಿನ ಮಗು ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ ಆಡುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ, ಬಸ್ಸಿನ ಬೋರ್ಡು ಮಲಯಾಳದಲ್ಲಿ ಓದುತ್ತದೆ. ಭಾಷೆಗೊಂದು ಕಪಾಟು ಅಂತ ಬೇರೆ ಮಾಡಬೇಡಿ. ಮಕ್ಕಳದ್ದು ಒಂದು ಕಡೆ, ಕೃಷಿ ಒಂದು ಕಡೆ, ಯಕ್ಷಗಾನ ಪ್ರಸಂಗಗಳು ಒಂದು ಕಡೆ, ಎಲ್ಲ ಭಾಷೆಯೂ ಬೆರೆತಿರಲಿ. ಕನ್ನಡ ಉಳಿಸಬೇಕಾದರೆ ಹೀಗೆ ಮಾಡಬಹುದೇ ಎಂದು ಕೇಳುವವರಿದ್ದಾರೆ. ಮಲಯಾಳ ಪುಸ್ತಕ ಹುಡುಕಿ ಬಂದವನ ಕಣ್ಣಿಗೆ ಪಕ್ಕದ ಕನ್ನಡ ಪುಸ್ತಕವೂ ಬೀಳಲಿ ಅಂತಲೇ ಈ ಏರ್ಪಾಡು.

ಎರಡು ದಿನಪತ್ರಿಕೆ ತರಿಸಿ. ಪಿಎಸ್‌ಸಿಗೆ (ಸರಕಾರಿ ಕೆಲಸದ ಪರೀಕ್ಷೆಗೆ) ಓದುವವರಿಗೆ ರ‍್ಯಾಂಕ್ ಫೈಲ್ (ಆ ಪರೀಕ್ಷೆಯ ಕೈಪಿಡಿ) ಇಡಿ. ಸಂಜೆ ದೀಪ ಉರಿಯುವಂತೆ ನೋಡಿಕೊಳ್ಳುವವರು ಇವರೇ. ದಾನಕ್ಕೆ ಬರುವ ಹಳೆಯ ಗೈಡು, ಹರಿದ ಪಠ್ಯಪುಸ್ತಕ, ಕಂಪನಿ ಡೈರಿಗಳನ್ನು ನಗುತ್ತಲೇ ವಾಪಸ್ ಕೊಡಿ.

ಕಾಗದಪತ್ರ

ಕೋಣೆ ಒಂದು ವರ್ಷ ನಡೆದ ಮೇಲೆ ತಾಲೂಕು ಲೈಬ್ರರಿ ಕೌನ್ಸಿಲಿನಲ್ಲಿ ವಿಚಾರಿಸಿ. ಕೇರಳದಲ್ಲಿ 1989ರ ಗ್ರಂಥಾಲಯ ಕಾಯ್ದೆಯಡಿ ಕೌನ್ಸಿಲಿಗೆ ಸೇರಿದ ಗ್ರಂಥಾಲಯಗಳಿಗೆ ದರ್ಜೆ ಇದೆ, ದರ್ಜೆಗೆ ತಕ್ಕಂತೆ ವರ್ಷದ ಅನುದಾನವೂ ಇದೆ. ಅದಕ್ಕೆ ಸದಸ್ಯರ ಪಟ್ಟಿ, ಪುಸ್ತಕದ ರಿಜಿಸ್ಟರ್, ಸಭೆಯ ನಡಾವಳಿ ಬೇಕು. ಮೊದಲ ದಿನದಿಂದಲೇ ಬರೆದಿಟ್ಟುಕೊಳ್ಳಿ.

ಬೀಗದ ಕೈ

ಒಂದೇ ಕೀ ಇದ್ದರೆ ಅದು ಅಧ್ಯಕ್ಷರ ಕಿಸೆಯಲ್ಲಿರುತ್ತದೆ, ಅಧ್ಯಕ್ಷರು ಮದುವೆ ಮನೆಯಲ್ಲಿರುತ್ತಾರೆ. ಮೂರು ಮಾಡಿಸಿ. ಒಂದು ಪಕ್ಕದ ಅಂಗಡಿಯಲ್ಲಿ, ಒಂದು ಹತ್ತಿರದ ಮನೆಯಲ್ಲಿ, ಒಂದು ಪಿಎಸ್‌ಸಿ ಹುಡುಗಿಯರ ಕೈಯಲ್ಲಿ. ಹೊತ್ತು ಸಂಜೆ ನಾಲ್ಕೂವರೆಯಿಂದ ಏಳೂವರೆ. ದಿನವಿಡೀ ತೆರೆದಿಡುತ್ತೇವೆ ಅಂತ ಬೋರ್ಡು ಹಾಕಿ ಬಾಗಿಲು ಮುಚ್ಚಿರುವುದಕ್ಕಿಂತ ಮೂರೇ ಗಂಟೆ ತಪ್ಪದೆ ತೆರೆಯುವುದು ಮೇಲು.

ಪುಸ್ತಕ ಕೊಂಡೊಯ್ಯಲು ಒಂದು ನೋಟ್‌ಬುಕ್, ಹೆಸರು, ತಾರೀಕು, ಅಷ್ಟೇ. ದಂಡ ಬೇಡ. ದಂಡ ಹಾಕಿದರೆ ಪುಸ್ತಕವೂ ಬರುವುದಿಲ್ಲ, ಜನವೂ ಬರುವುದಿಲ್ಲ.

ವರ್ಷಕ್ಕೊಮ್ಮೆ, ಮಳೆ ಇಳಿದು ನವರಾತ್ರಿ ಬರುವ ಮೊದಲು, ಎಲ್ಲ ಪುಸ್ತಕ ಜಗಲಿಗೆ ತಂದು ನೆರಳಲ್ಲಿ ಗಾಳಿಗೆ ಹಾಕಿ, ಒಣಬಟ್ಟೆಯಲ್ಲಿ ಒರೆಸಿ, ಎಣಿಸಿ. ಹೋದ ವರ್ಷ ನಾವು ಎಣಿಸಿದಾಗ ಏಳು ಕಡಿಮೆ ಬಂತು. ನಾಲ್ಕು ಪುಸ್ತಕ ಒಬ್ಬರ ಮನೆಯ ಚಾವಡಿಯಲ್ಲಿ ಸಿಕ್ಕಿದವು. ಆ ಮನೆಯ ಅಜ್ಜಿ ಮೂರನ್ನು ಕೊಟ್ಟರು, ನಾಲ್ಕನೆಯದ್ದು ಇನ್ನೂ ಮುಗಿದಿಲ್ಲ ಅಂದರು.