ಮೊದಲ ಸೆಮಿಸ್ಟರ್ ತಗೊಳ್ಳುವ ಮೇಷ್ಟ್ರುಗಳಿಗೆ

ಪಿಯುಸಿವರೆಗೆ ಹೇಳಿಸಿಕೊಂಡು ನೋಟ್ಸ್ ಬರೆದವರು ಪದವಿಗೆ ಬಂದ ಕೂಡಲೇ ಪಾಠ ಕೇಳುತ್ತಾ ಬರೆದುಕೊಳ್ಳಲಾರರು. ಅದು ದಡ್ಡತನವಲ್ಲ, ಅಭ್ಯಾಸವಿಲ್ಲ ಅಷ್ಟೇ. ಮೊದಲ 3 ವಾರ 15 ನಿಮಿಷಕ್ಕೊಮ್ಮೆ ಪಾಠ ನಿಲ್ಲಿಸಿ. ಪುಸ್ತಕ ಮುಚ್ಚಿಸಿ, ನೆನಪಿದ್ದಷ್ಟನ್ನು 3 ನಿಮಿಷದಲ್ಲಿ ಬರೆಸಿ, ಪಕ್ಕದವರದರ ಜೊತೆ ಹೋಲಿಸಲು ಬಿಡಿ.

ಕನ್ನಡ ಮಾಧ್ಯಮದವರಿದ್ದರೆ ಆ ದಿನದ ಐದಾರು ಪಾರಿಭಾಷಿಕ ಪದಗಳನ್ನು ಬೋರ್ಡಿನ ಎಡಬದಿಗೆ ಎರಡೂ ಭಾಷೆಯಲ್ಲಿ ಬರೆಯಿರಿ: ವೇಗೋತ್ಕರ್ಷ, ಆಕ್ಸಲರೇಷನ್. ಬೆಲ್ ಹೊಡೆಯುವವರೆಗೆ ಅಳಿಸಬೇಡಿ. ವಿಷಯ ಗೊತ್ತಿದ್ದೂ ಪದ ಸಿಗದೆ ಬಾಯಿ ಬಿಡದವರು ಬಹಳ.

"ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ನಂಬಬೇಡಿ. ಕೊನೆಯಲ್ಲಿ ಹೆಸರಿಲ್ಲದ ಚೀಟಿಯಲ್ಲಿ ತಿಳಿಯದ ಒಂದು ಅಂಶ ಬರೆಸಿಕೊಂಡು, ಮರುದಿನ ಅಲ್ಲಿಂದಲೇ ಶುರು ಮಾಡಿ. ಇಂಟರ್ನಲ್ಸ್‌ಗೆ ಮುಂಚೆ ಲೆಕ್ಕಕ್ಕಿಲ್ಲದ 5 ಅಂಕದ ಟೆಸ್ಟ್ ಕೊಟ್ಟು, ವಾರದೊಳಗೆ ತಿದ್ದಿ ವಾಪಸ್ ಕೊಡಿ.