ಹಾರ್ಡ್ ಡಿಸ್ಕ್ ಕೈಕೊಟ್ಟರೆ ಮುಚ್ಚಳಕ್ಕೆ ಕೈ ಹಾಕಬೇಡಿ

ಬಳ್ಳಾರಿಯ ನನ್ನ ಅಂಗಡಿಗೆ ಬರುವ ಕೆಟ್ಟ ಹಾರ್ಡ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ಫೋಟೋ ಸ್ಟುಡಿಯೋಗಳವು, ಜೀನ್ಸ್ ಘಟಕಗಳ ಲೆಕ್ಕಪತ್ರ ತುಂಬಿದವು. ಮದುವೆಯ ಆಲ್ಬಂ ಇನ್ನೂ ಕೊಟ್ಟಿರುವುದಿಲ್ಲ, ಜಿಎಸ್‌ಟಿ ಗಡುವು ತಲೆಯ ಮೇಲೆ ಕೂತಿರುತ್ತದೆ, ಡಿಸ್ಕ್ ಮಾತ್ರ ಟಕ್ ಟಕ್ ಎನ್ನುತ್ತಿರುತ್ತದೆ. ಆ ಸದ್ದು ಕೇಳಿದೊಡನೆ ವೈರು ಕಿತ್ತುಬಿಡಿ. ‘ಇನ್ನೊಮ್ಮೆ ಹಾಕಿ ನೋಡೋಣ’ ಎಂದಿರೋ, ಉಳಿದದ್ದೂ ಹೋಯಿತು.

ಏಕೆಂದರೆ ಒಳಗಿನ ಬಿಲ್ಲೆ ಗಾಜಿನದೋ ಅಲ್ಯೂಮಿನಿಯಮ್ಮಿನದೋ ಆಗಿದ್ದರೂ ನಿಮ್ಮ ಫೈಲುಗಳಿರುವುದು ಅದರ ಮೇಲಿನ ತೆಳುಪೊರೆಯಲ್ಲಿ. ತಯಾರಿಸುವಾಗ ನಿರ್ವಾತದಲ್ಲಿ ಲೇಪಿಸಿದ ಕೋಬಾಲ್ಟ್ ಮಿಶ್ರಲೋಹದ ಆ ಪೊರೆ ಕೆಲವು ಹತ್ತು ನ್ಯಾನೋಮೀಟರ್ ದಪ್ಪವಷ್ಟೇ. ಅದರ ಮೇಲೆ 2–3 ನ್ಯಾನೋಮೀಟರಿನ ಕಾರ್ಬನ್ ರಕ್ಷಾಪದರ, ಅದರ ಮೇಲೆ ಇನ್ನೂ ತೆಳುವಾದ ಜಾರುದ್ರವ. ಬಿಲ್ಲೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವಾಗ ಓದುವ ಹೆಡ್ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ಗಾಳಿಯಲ್ಲಿ ಹಾರುವ ಒಂದು ಮೈಕ್ರಾನ್ ಕಣವೆಂದರೆ 1000 ನ್ಯಾನೋಮೀಟರ್! ಹೆಡ್ ಅದಕ್ಕೆ ಬಡಿದು ಪೊರೆ ಕೆರೆದುಹೋಯಿತೆನ್ನಿ, ಆ ಜಾಗದ ದತ್ತಾಂಶವನ್ನು ಯಾವ ತಜ್ಞರೂ ಮರಳಿ ತರಲಾರರು.

ಗಣಿಯ ಕಬ್ಬಿಣದ ಅದಿರಿನ ಧೂಳು ಅಯಸ್ಕಾಂತದ ಗುಣದಿಂದ ಡಿಸ್ಕ್ ಕೆಡಿಸುತ್ತದೆಯೇ ಎಂದು ಸಂಡೂರಿನ ಕಡೆಯವರು ಕೇಳುತ್ತಾರೆ. ಅಲ್ಲಿಯ ಅದಿರು ಬಹುಪಾಲು ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್; ಅದರ ಕಾಂತಗುಣ ತೀರಾ ದುರ್ಬಲ. ಕೇಡು ಮಾಡುವುದು ಕಣದ ಗಾತ್ರ ಮತ್ತು ಗಡಸು. ತಮಾಷೆಯೆಂದರೆ, 1956ರಲ್ಲಿ ಬಂದ ಐಬಿಎಂನ ಮೊದಲ ಡಿಸ್ಕ್‌ಗೆ ಬಳಿದಿದ್ದೂ ಕಬ್ಬಿಣದ ಆಕ್ಸೈಡೇ. ಇರಲಿ. ಮಾಮೂಲಿ ಡಿಸ್ಕ್‌ನಲ್ಲಿ ಗಾಳಿಯಾಡುವ ಪುಟ್ಟ ರಂಧ್ರದ ಹಿಂದೆ ಫಿಲ್ಟರ್ ಇರುತ್ತದೆ, ಅದಕ್ಕೆ ಟೇಪ್ ಅಂಟಿಸಬೇಡಿ. ಸ್ಕ್ರೂ ಬಿಚ್ಚಿದರೆ ಮಾತ್ರ ಆ ಫಿಲ್ಟರ್ ಇದ್ದೂ ಇಲ್ಲದಂತೆ.

ಸದ್ದಿಲ್ಲದೆ ಬರೀ ನಿಧಾನವಾಗಿದ್ದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ (SMART) ವರದಿಯಲ್ಲಿ 5 ಮತ್ತು 197 ಎಂಬ ಸಂಖ್ಯೆಯ ಸಾಲು ನೋಡಿ; ಕೆಟ್ಟು ಬದಲಿ ಕೊಟ್ಟ ಜಾಗಗಳ ಲೆಕ್ಕ ಮೊದಲನೆಯದರಲ್ಲಿ, ಓದಲು ತೊಡಕಾಗಿರುವ ಜಾಗಗಳ ಲೆಕ್ಕ ಎರಡನೆಯದರಲ್ಲಿ. ಅಲ್ಲಿಯ ಕಚ್ಚಾ ಅಂಕಿ (ರಾ ವ್ಯಾಲ್ಯೂ) ಏರುತ್ತಿದ್ದರೆ ಡಿಡಿರೆಸ್ಕ್ಯೂ ತಂತ್ರಾಂಶದಿಂದ ಇಡೀ ಡಿಸ್ಕನ್ನು ಇನ್ನೊಂದಕ್ಕೆ ನಕಲಿಸಿ, ಮುಂದಿನ ಕೆಲಸವೆಲ್ಲ ಆ ನಕಲಿನ ಮೇಲೆ. ಮೂಲದ ಮೇಲೆ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಬೇಡಿ, ಅದು ‘ಸರಿಪಡಿಸಲು’ ಹೋಗಿ ಅಲ್ಲಿಯೇ ಬರೆಯುತ್ತದೆ. ಫ್ರೀಜರ್‌ನಲ್ಲಿಡುವ ಉಪಾಯವನ್ನು ಮರೆತುಬಿಡಿ. ಹೊರತೆಗೆದೊಡನೆ ತೇವ ಕಟ್ಟುತ್ತದೆ. ಅದೇ ಮಾದರಿಯ ಸರ್ಕ್ಯೂಟ್ ಬೋರ್ಡ್ ತಂದು ಕೂರಿಸಿದರೂ ಸಾಮಾನ್ಯವಾಗಿ ಓಡದು, ಆಯಾ ಡಿಸ್ಕ್‌ನ ಹೊಂದಾಣಿಕೆಯ ವಿವರ ಹಳೆಯ ಬೋರ್ಡಿನ ಚಿಪ್‌ನಲ್ಲಿರುತ್ತದೆ.

ತಜ್ಞರ ಬಳಿ ಹೋಗುವಾಗ ಒಂದು ಚೀಟಿ ಬರೆದುಕೊಳ್ಳಿ: ಬಿದ್ದಿತ್ತೇ, ಕರೆಂಟ್ ಏರುಪೇರಾಗಿತ್ತೇ, ಯಾವ ಸದ್ದು, ಈಗಾಗಲೇ ಯಾರು ಏನು ಮಾಡಿದರು, ಯಾವ ಫೋಲ್ಡರ್ ಮೊದಲು ಬೇಕು. ನಾಚಿಕೆಯಿಂದ ಏನನ್ನೂ ಮುಚ್ಚಿಡಬೇಡಿ. ನೀವೂ ಕೇಳಿ: ಮೊದಲು ನಕಲು ತೆಗೆಯುತ್ತೀರಾ? ತೆರೆಯುವುದಾದರೆ ಶೋಧಿಸಿದ ಗಾಳಿಯ ಕೋಣೆಯೋ ಮೇಜೋ ಇದೆಯೇ? ಏನೂ ಸಿಗದಿದ್ದರೆ ಎಷ್ಟು ಕೊಡಬೇಕು? ಹಣ ಕೊಡುವ ಮೊದಲು ಫೈಲುಗಳ ಪಟ್ಟಿ ತೋರಿಸುತ್ತೀರಾ? ‘ಇಲ್ಲೇ ಬಿಚ್ಚಿ ನೋಡೋಣ’ ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡರೆ ಡಿಸ್ಕ್ ವಾಪಸ್ ಇಸಿದುಕೊಂಡು ಹೊರಡಿ. ನಾನೂ ಬಿಚ್ಚುವುದಿಲ್ಲ, ಅಂಥವನ್ನು ಬೆಂಗಳೂರಿಗೆ ಕಳುಹಿಸುತ್ತೇನೆ.

ತಿರುಗುವ ಬಿಲ್ಲೆಯಿಲ್ಲದೆ ಚಿಪ್‌ಗಳಲ್ಲೇ ಫೈಲು ಇಡುವ ಎಸ್‌ಎಸ್‌ಡಿಯ ಮಾತು ಬೇರೆ: ಅಳಿಸಿದ ಫೈಲನ್ನು ಕಂಪ್ಯೂಟರ್ ತಾನೇ ಕಳುಹಿಸುವ ಟ್ರಿಮ್ ಆದೇಶ ಬೇಗನೆ ಪೂರ್ತಿ ಒರೆಸಬಹುದು, ಹಾಗಾಗಿ ತಕ್ಷಣ ಕಂಪ್ಯೂಟರ್ ಆಫ್ ಮಾಡಿ.

ಪಾರ್ಸೆಲ್ ಕಳುಹಿಸುವುದಾದರೆ ಆಂಟಿಸ್ಟ್ಯಾಟಿಕ್ ಚೀಲದಲ್ಲಿಟ್ಟು, ಸುತ್ತ ದಪ್ಪ ಫೋಮ್ ತುಂಬಿ, ಅಲುಗಾಡದ ಗಟ್ಟಿ ಪೆಟ್ಟಿಗೆಯಲ್ಲಿ ಕಟ್ಟಿ. ಚೀಟಿಯ ಒಂದು ಪ್ರತಿಯನ್ನು ಒಳಗಿಡಿ.