ಮೀನು ಕೊಳ್ಳುವ ಮೊದಲು ಹತ್ತು ನಿಮಿಷ ಟ್ಯಾಂಕಿನ ಮುಂದೆ ನಿಲ್ಲಿ

ಭಾನುವಾರ ಸಂಜೆ ಅಕ್ವೇರಿಯಂ ಅಂಗಡಿಗೆ ಹೋದರೆ ಇದು ತಪ್ಪದೆ ಕಾಣುತ್ತದೆ. ಮಗು ಬೆರಳು ತೋರಿಸುತ್ತದೆ, ಅಪ್ಪ ಪರ್ಸ್ ತೆಗೆಯುತ್ತಾರೆ. ಒಂದು ಗಾಜಿನ ಬೌಲ್, ಎರಡು ಗೋಲ್ಡ್ ಫಿಶ್, ಒಂದು ಡಬ್ಬಿ ಆಹಾರ, ಬಣ್ಣದ ಕಲ್ಲು, ಎಲ್ಲ ಒಟ್ಟಿಗೆ ಮನೆಗೆ. ಮುಂದಿನ ಭಾನುವಾರದೊಳಗೆ ಮೀನು ಸತ್ತಿರುತ್ತದೆ, ಮಗು ಅತ್ತಿರುತ್ತದೆ. ನೋಡಿ ನೋಡಿ ಸಂಕಟವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು, ಟ್ಯಾಂಕ್ ಮತ್ತು ಮೀನನ್ನು ಒಂದೇ ದಿನ ತರಬೇಡಿ. ಬೌಲ್ ಅಂತೂ ಬೇಡವೇ ಬೇಡ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ತನ್ನಿ, ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಫಿಲ್ಟರ್ ಹಾಕಿ 4ರಿಂದ 6 ವಾರ ಮೀನಿಲ್ಲದೆ ಓಡಿಸಿ, ದಿನ ಬಿಟ್ಟು ದಿನ ಚಿಟಿಕೆ ಮೀನಿನ ಆಹಾರ ಉದುರಿಸಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ನಿಧಾನಕ್ಕೆ ಫಿಲ್ಟರಿನ ಸ್ಪಾಂಜಿನಲ್ಲಿ ಬೆಳೆಯುತ್ತವೆ. ಹೊಸ ಟ್ಯಾಂಕಿನಲ್ಲಿ ಮೀನು ಸಾಯುವುದು ಹೆಚ್ಚಾಗಿ ಈ ಅಮೋನಿಯಾದಿಂದಲೇ. 'ಇದನ್ನು ಹಾಕಿ, ಇವತ್ತೇ ಮೀನು ಬಿಡಬಹುದು' ಅಂತ ಅಂಗಡಿಯವರು ಬ್ಯಾಕ್ಟೀರಿಯಾ ಬಾಟಲಿ ಕೊಟ್ಟರೆ ನಂಬಿಕೊಂಡು ಕೂರಬೇಡಿ. ಕಾಯುವುದೇ ಒಳ್ಳೆಯದು.

ಮನೆಗೆ ಬರುವುದು ಕಾವೇರಿ ನೀರೋ ಬೋರ್‌ವೆಲ್ ನೀರೋ ತಿಳಿದುಕೊಂಡು ಹೋಗಿ. ಬೋರ್ ನೀರು ಸಾಮಾನ್ಯವಾಗಿ ಗಡಸು. ಅದಕ್ಕೆ ಗಪ್ಪಿ, ಮೊಲ್ಲಿ, ಪ್ಲಾಟಿ ಚೆನ್ನಾಗಿ ಹೊಂದಿಕೊಳ್ಳುತ್ತವೆ. ನಿಯಾನ್ ಟೆಟ್ರಾ ಅಮೆಜಾನ್ ಕಡೆಯ ಮೆದು ನೀರಿನ ಮೀನು, ಬೋರ್ ನೀರಿನಲ್ಲಿ ಸೊರಗುತ್ತದೆ. ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದನ್ನು ತೆಗೆಯುವ ಆ್ಯಂಟಿ ಕ್ಲೋರಿನ್ ದ್ರಾವಣ ಹಾಕದೆ ಟ್ಯಾಂಕಿಗೆ ಸುರಿಯಬೇಡಿ.

ಅಂಗಡಿಗೆ ವಾರದ ದಿನ ಬೆಳಿಗ್ಗೆ ಹೋಗಿ, ಜನ ಕಡಿಮೆ ಇರುತ್ತಾರೆ. ಎಲ್ಲರೂ ಎಡವುವುದು ಇನ್ನು ಮುಂದೆಯೇ. ಬಣ್ಣ ನೋಡಿ ಮೀನು ಆರಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಟ್ಯಾಂಕಿನಿಂದ ಒಂದಡಿ ದೂರ ನಿಲ್ಲಿ, ಗಾಜು ತಟ್ಟಬೇಡಿ, ಹತ್ತು ನಿಮಿಷ ನೋಡುತ್ತಾ ಇರಿ. ಮೊದಲು ತಳ ಮತ್ತು ಮೂಲೆಗಳನ್ನು ನೋಡಿ. ಸತ್ತ ಮೀನು ಕಂಡರೆ ಆ ಟ್ಯಾಂಕಿನ ಯಾವ ಮೀನೂ ಬೇಡ. ಹಲವು ಅಂಗಡಿಗಳಲ್ಲಿ ಸಾಲು ಸಾಲು ಟ್ಯಾಂಕುಗಳಿಗೆ ಒಂದೇ ಫಿಲ್ಟರಿನ ನೀರು ಸುತ್ತುತ್ತಿರುತ್ತದೆ, ಹಾಗಿದ್ದರೆ ಪಕ್ಕದ ಟ್ಯಾಂಕೂ ಬೇಡ. ನೀರು ನೀಲಿ ಅಥವಾ ಹಳದಿಯಾಗಿದ್ದರೆ ಔಷಧಿ ಹಾಕಿರುವ ಸಾಧ್ಯತೆ ಜಾಸ್ತಿ, ಕೇಳಿ.

ಆಮೇಲೆ ಒಂದೇ ಒಂದು ಮೀನನ್ನು ಹಿಡಿದು ನೋಡಿ, ಕಣ್ಣಿನಲ್ಲೇ. ಮೈಮೇಲೆ ರವೆ ಕಾಳು ಅಂಟಿದ ಹಾಗೆ ಬಿಳಿ ಚುಕ್ಕೆ ಇದ್ದರೆ ಅದು ವೈಟ್ ಸ್ಪಾಟ್ ಎಂಬ ರೋಗ, ಮನೆಗೆ ತಂದರೆ ಇಡೀ ಟ್ಯಾಂಕಿಗೆ ಹರಡುತ್ತದೆ. ರೆಕ್ಕೆಗಳನ್ನು ಮಡಚಿದ ಛತ್ರಿಯ ಹಾಗೆ ಮೈಗೆ ಒತ್ತಿಕೊಂಡಿದ್ದರೆ ಹುಷಾರಿಲ್ಲ ಅಂತ. ಕಿವಿರು ಒಂದೇ ಸಮನೆ ಬಡಬಡ ಬಡಿಯುತ್ತಿದ್ದರೆ, ಹೊಟ್ಟೆ ಒಳಗೆ ಹೋಗಿದ್ದರೆ, ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಬಿಟ್ಟುಬಿಡಿ. ಮೇಲೆ ಬಂದು ಬಾಯಿ ಬಿಡುವ ಮೀನೂ ಬೇಡ. ಆದರೆ ಫೈಟರ್ ಮತ್ತು ಗೌರಾಮಿ ಗಾಳಿಗೆ ಮೇಲೆ ಬರುವುದು ಅವುಗಳ ಸ್ವಭಾವ, ಅದಕ್ಕೆ ಹೆದರಬೇಡಿ. ಅನುಮಾನ ಇದ್ದರೆ ಒಂದು ಚಿಟಿಕೆ ಆಹಾರ ಹಾಕಿ ಅಂತ ಅಂಗಡಿಯವರನ್ನು ಕೇಳಿ. ಆರೋಗ್ಯವಾಗಿರುವ ಮೀನು ಓಡಿ ಬರುತ್ತದೆ. ಒಮ್ಮೆ ನಾನು ಹೀಗೆ ಕೇಳಿದಾಗ ಇಪ್ಪತ್ತು ಮೊಲ್ಲಿಗಳಲ್ಲಿ ಮೂರೇ ಮೂರು ಮೇಲೆ ಬಂದವು, ಉಳಿದವು ಹೀಟರಿನ ಹಿಂದೆ ಒಂದೇ ಜಾಗದಲ್ಲಿ ತೂಗಾಡುತ್ತಾ ನಿಂತಿದ್ದವು. ಬರಿಗೈಯಲ್ಲಿ ಬಂದೆ.

ಎರಡು ಪ್ರಶ್ನೆ ತಪ್ಪದೆ ಕೇಳಿ. ಈ ಮೀನು ಯಾವತ್ತು ಬಂತು? ನಿನ್ನೆ ಬಂದದ್ದಾದರೆ ಒಂದು ವಾರ ಬಿಟ್ಟು ಬನ್ನಿ. ಚೆನ್ನೈನ ಕೊಳತ್ತೂರಿನಂಥ ಕಡೆಗಳಿಂದ ಕವರಿನಲ್ಲಿ ತುಂಬಿಕೊಂಡು ಬಂದ ಮೀನಿನ ಸುಸ್ತು ಆಮೇಲೆ ಗೊತ್ತಾಗುತ್ತದೆ. ಎಷ್ಟು ದೊಡ್ಡದಾಗುತ್ತದೆ? ಮೂರು ಇಂಚಿನ 'ಶಾರ್ಕ್' ಅಂತ ಮಾರುವ ಬೂದು ಮೀನು ನಿಜಕ್ಕೂ ಪಂಗಾಸಿಯಸ್ ಎಂಬ ಕ್ಯಾಟ್‌ಫಿಶ್, ಒಂದು ಮೀಟರ್ ದಾಟಿ ಬೆಳೆಯಬಲ್ಲದು. ಗಾಜು ಕ್ಲೀನ್ ಮಾಡುತ್ತದೆ ಅಂತ ಕೊಡುವ ಸಕ್ಕರ್ ಕೂಡ ಒಂದಡಿ ಮೀರುತ್ತದೆ. ದೊಡ್ಡದಾಯಿತು ಅಂತ ಜನ ಅದನ್ನು ಕೆರೆಗೆ ಬಿಡುತ್ತಾರೆ, ಅಲ್ಲಿ ಅದು ನಮ್ಮ ಮೀನುಗಳ ಜಾಗ ತಿನ್ನುತ್ತದೆ. ದಯವಿಟ್ಟು ಬಿಡಬೇಡಿ. ಮೈಗೆ ಬಣ್ಣ ಚುಚ್ಚಿದ ಮೀನುಗಳನ್ನೂ ಕೊಳ್ಳಬೇಡಿ. ಅದು ಹಿಂಸೆ, ಬಣ್ಣವೂ ಉಳಿಯುವುದಿಲ್ಲ.

ಕವರಿನಲ್ಲಿ ನೀರು ಕಾಲುಭಾಗ, ಉಳಿದದ್ದು ಗಾಳಿ. ಬಟ್ಟೆ ಚೀಲದಲ್ಲಿಟ್ಟು ನೇರ ಮನೆಗೆ ಬನ್ನಿ, ದಾರಿಯಲ್ಲಿ ತರಕಾರಿಗೆ ನಿಲ್ಲಬೇಡಿ.

ಮನೆಯಲ್ಲಿ ಟ್ಯಾಂಕಿನ ಲೈಟ್ ಆರಿಸಿ, ಕವರನ್ನು ಕಟ್ಟಿದ ಹಾಗೇ 20 ನಿಮಿಷ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ, ಐದೈದು ನಿಮಿಷಕ್ಕೆ ಅರ್ಧ ಲೋಟದಂತೆ ನಾಲ್ಕು ಸಲ ಟ್ಯಾಂಕಿನ ನೀರು ಹಾಕಿ. ಕೊನೆಗೆ ಬಲೆಯಿಂದ ಮೀನನ್ನು ಮಾತ್ರ ಎತ್ತಿ ಬಿಡಿ. ಅಂಗಡಿ ನೀರನ್ನು ಗಿಡಕ್ಕೆ ಸುರಿಯಿರಿ, ಟ್ಯಾಂಕಿಗೆ ಒಂದು ಹನಿಯೂ ಬೇಡ. ಆ ರಾತ್ರಿ ಆಹಾರ ಹಾಕಬೇಡಿ, ಮಗು ಎಷ್ಟೇ ಕೇಳಿದರೂ. ಬೆಳಿಗ್ಗೆ ಮಗುವಿನ ಕೈಯಲ್ಲೇ ಒಂದು ಚಿಟಿಕೆ ಹಾಕಿಸಿ.